ಬಣ್ಣದ ವೇಷದೊಳಗಿನ ಸಿಟ್ಟು

(ಮೈಸೂರಿನ ಗೆಳೆಯರ ಬಳಗವೊಂದರ ತಿಂಗಳ ಮಾತುಕತೆಯಲ್ಲಿ ‘ಬ್ಲ್ಯಾಕ್ ಸಬಾತ್’ ಎಂಬ ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡಿನ ಬಗ್ಗೆ ಆಡಿದ ಮಾತುಗಳ ಬರಹ ರೂಪ. ನಡುನಡುವೆ ಹಾಡು ಕೇಳಿಸಿದ ಕಡೆ ಅದರ ವಿವರಣೆ ಸೇರಿಸಿದ್ದೇನೆ.)

ಈಗ ನೀವು ಕೇಳಿದ್ದು ಬ್ಲ್ಯಾಕ್ ಸಬಾತ್‌ನವರ ಒಂದು ಹಾಡಿನ ಆರಂಭ ಮಾತ್ರ, ಹಾಡಿನ ಹೆಸರೂ ‘ಬ್ಲ್ಯಾಕ್ ಸಬಾತ್’. ಮಳೆ. ಎಲ್ಲೋ ದೂರದಲ್ಲಿ ಇಗರ್ಜಿಯ ಗಂಟೆ. ಗುಡುಗು. ಆಮೇಲೆ ಗಿಟಾರಿನಲ್ಲಿ ಮೂರೇ ಮೂರು ಸ್ವರ, ಕಲ್ಲು ಎತ್ತಿ ಹಾಕಿದ ಹಾಗೆ. ಮುಂದಿನ ಸಾಲಿನಲ್ಲಿ ಹಿರಿಯರೊಬ್ಬರು ಕಿವಿ ಮುಚ್ಚಿಕೊಂಡರು. ತಪ್ಪೇನಿಲ್ಲ ಸರ್, ಹಾಗಾಗಲಿ ಅಂತಲೇ ಅದನ್ನು ಮಾಡಿದ್ದು.

ಸಂಗೀತ ಬಲ್ಲವರು ಇಲ್ಲಿದ್ದೀರಿ, ಆ ಮೂರು ಸ್ವರ ಗುರುತಿಸಿರುತ್ತೀರಿ. ಷಡ್ಜ, ತಾರಸ್ಥಾಯಿಯ ಷಡ್ಜ, ಅಲ್ಲಿಂದ ಇಳಿದು ಬಂದು ಪ್ರತಿ ಮಧ್ಯಮ. ಅಷ್ಟೇ. ಷಡ್ಜಕ್ಕೂ ಪ್ರತಿ ಮಧ್ಯಮಕ್ಕೂ ನಡುವಿನ ಆ ಅಂತರವನ್ನು ಯುರೋಪಿನವರು ‘ಸಂಗೀತದೊಳಗಿನ ಸೈತಾನ’ ಎಂದು ಕರೆದರು. ನಮ್ಮಲ್ಲಿ ಅದೇ ಪ್ರತಿ ಮಧ್ಯಮ ಕಲ್ಯಾಣಿಯಲ್ಲಿ ಬಂದರೆ ಮದುವೆ ಮನೆಯ ಓಲಗ! ಸ್ವರದಲ್ಲಿ ಸೈತಾನನೂ ಇಲ್ಲ, ದೇವರೂ ಇಲ್ಲ. ಇರಲಿ. ಆ ಸ್ವರ ಅವರಿಗೆ ಸಿಕ್ಕಿದ್ದು ಎಲ್ಲಿಂದ ಅನ್ನುವುದು ನನಗೆ ಮುಖ್ಯ. ಬ್ಯಾಂಡಿನ ಬಾಸ್ ವಾದಕ ಗೀಜರ್ ಬಟ್ಲರ್‌ಗೆ ಗುಸ್ತಾವ್ ಹೋಲ್ಸ್ಟ್ ಎಂಬ ಇಂಗ್ಲಿಷ್ ಸಂಗೀತಕಾರನ ‘ಗ್ರಹಗಳು’ ಕೃತಿಯ ಹುಚ್ಚು. ಅದರಲ್ಲಿ ಮಂಗಳನ ಭಾಗವಿದೆ, ಯುದ್ಧ ತರುವವನು ಅಂತ ಅದರ ಹೆಸರು, 1914ರಲ್ಲಿ ಬರೆದದ್ದು. ಗೀಜರ್ ಅದನ್ನು ಬಾಸ್‌ನಲ್ಲಿ ನುಡಿಸುತ್ತಾ ಕೂತಿದ್ದ. ಮರುದಿನ ಗಿಟಾರಿನವನು ಈ ಮೂರು ಸ್ವರ ಹಿಡಿದುಕೊಂಡು ಬಂದ. (ಆ ಹೋಲ್ಸ್ಟ್ ಸಂಸ್ಕೃತ ಕಲಿತು ಋಗ್ವೇದದ ಸೂಕ್ತಗಳನ್ನು ತಾನೇ ಅನುವಾದಿಸಿ ರಾಗ ಹಾಕಿದವನು, ಸಾವಿತ್ರಿಯ ಕಥೆಯನ್ನು ಒಪೆರಾ ಮಾಡಿದವನು. ಆ ದಾರಿಯಲ್ಲಿ ಹೋದರೆ ಇವತ್ತು ಮನೆ ಸೇರುವುದಿಲ್ಲ.) ಅಂತೂ ಅರ್ಧ ಶತಮಾನದಿಂದ ಸೈತಾನನ ಲೆಕ್ಕಕ್ಕೆ ಬರೆದಿಟ್ಟ ಸ್ವರದ ತವರುಮನೆ ಯುದ್ಧ. ನಾನು ಹೇಳಬೇಕೆಂದು ಬಂದಿರುವುದೂ ಹೆಚ್ಚು ಕಡಿಮೆ ಇಷ್ಟೇ.

ನಾನು ಕುಂದಾಪುರದ ಕಡೆಯವನು. ಚಿಕ್ಕವನಿದ್ದಾಗ ಬಯಲಾಟದಲ್ಲಿ ಬಣ್ಣದ ವೇಷ ಬರುವ ಹೊತ್ತಿಗೆ ಅಜ್ಜಿಯ ಸೆರಗಿನೊಳಗೆ ಸೇರಿಕೊಳ್ಳುತ್ತಿದ್ದೆ. ತೆರೆಯ ಹಿಂದಿನಿಂದ ಆ ಕೂಗು, ಚಂಡೆಯ ಅಬ್ಬರ, ಗ್ಯಾಸ್‌ಲೈಟಿನಲ್ಲಿ ಹೊಳೆಯುವ ಹಲ್ಲು. ಬೆಳಗ್ಗೆ ನೋಡಿದರೆ ಅದೇ ರಕ್ಕಸ ಚೌಕಿಯ ಪಕ್ಕ ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ಒರೆಸಿಕೊಳ್ಳುತ್ತಾ ಬೀಡಿ ಸೇದುತ್ತಿದ್ದ. ಈ ಮನುಷ್ಯ ರಾಕ್ಷಸರ ಪೂಜೆ ಮಾಡುತ್ತಾನೆ ಅಂತ ನಮ್ಮೂರಲ್ಲಿ ಒಬ್ಬರೂ ಅನ್ನಲಿಲ್ಲ. ರಕ್ಕಸ ಯಾಕೆ ಬಂದ, ಯಾರನ್ನು ತೋರಿಸಲು ಬಂದ ಎನ್ನುವುದು ಎಲ್ಲರಿಗೂ ಗೊತ್ತಿತ್ತು.

ಬ್ಲ್ಯಾಕ್ ಸಬಾತ್‌ಗೆ ಆ ಪ್ರೇಕ್ಷಕರು ಸಿಗಲಿಲ್ಲ. ಹೆಸರು ತಗೊಂಡದ್ದು ಬೋರಿಸ್ ಕಾರ್ಲಾಫ್ ನಟಿಸಿದ 1963ರ ಒಂದು ಭಯಾನಕ ಸಿನಿಮಾದಿಂದ. ಜನ ದುಡ್ಡು ಕೊಟ್ಟು ಹೆದರಿಕೊಳ್ಳಲು ಹೋಗುತ್ತಾರಲ್ಲ, ಹೆದರಿಸುವ ಸಂಗೀತ ಯಾಕಿರಬಾರದು ಎನ್ನುವುದು ಅವರ ಲೆಕ್ಕ. ಮೊದಲ ಆಲ್ಬಮ್ 1970ರ ಫೆಬ್ರುವರಿ 13ರಂದು, ಬೇಕೆಂದೇ ಶುಕ್ರವಾರ ನೋಡಿ ಬಿಡುಗಡೆಯಾಯಿತು; 13ನೇ ತಾರೀಖಿನ ಶುಕ್ರವಾರ ಅಂದರೆ ಅವರಲ್ಲಿ ಅಪಶಕುನ. ಒಳಹಾಳೆಯಲ್ಲಿ ತಲೆಕೆಳಗಾದ ಶಿಲುಬೆಯ ಚಿತ್ರ. ಅದನ್ನು ಹಾಕಿದ್ದು ರೆಕಾರ್ಡ್ ಕಂಪನಿ, ಇವರನ್ನು ಕೇಳಿರಲೂ ಇಲ್ಲ. ಅಷ್ಟಾದ ಮೇಲೆ ಮಾಟಮಂತ್ರದ ಗುಂಪಿನವರು ಇವರ ಬೆನ್ನು ಹತ್ತಿದರು, ಇವರಿಗೇ ಹೆದರಿಕೆ ಹುಟ್ಟಿತು. ಗಾಯಕ ಆಜಿ ಆಸ್ಬರ್ನ್‌ನ ಅಪ್ಪ ಕಾರ್ಖಾನೆಯಲ್ಲಿ ಟೂಲ್‌ಮೇಕರ್. ಆತ ನಾಲ್ಕು ಹುಡುಗರಿಗೂ ಲೋಹದ ಶಿಲುಬೆ ಮಾಡಿಕೊಟ್ಟ. ಫೋಟೋಗಳಲ್ಲಿ ಅವರ ಎದೆ ಮೇಲೆ ತೂಗುವ ಶಿಲುಬೆ ನೋಡಿ ಜನ ನಡುಗಿದರು. ಅದು ನಮ್ಮ ಅಮ್ಮಂದಿರು ಕಟ್ಟುವ ತಾಯಿತ ಅಷ್ಟೇ.

ಈಗ ಊರಿನ ವಿಷಯ. ಬರ್ಮಿಂಗ್‌ಹ್ಯಾಮಿನ ಆಸ್ಟನ್ ಎಂಬ ಭಾಗ. 1940ರಿಂದ 1943ರವರೆಗೆ ಜರ್ಮನಿಯ ವಿಮಾನಗಳು ಆ ನಗರದ ಮೇಲೆ ಬಾಂಬು ಹಾಕಿದವು, ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು. ಸ್ಪಿಟ್‌ಫೈರ್ ಯುದ್ಧವಿಮಾನ, ಬಂದೂಕು, ಮದ್ದುಗುಂಡು ಎಲ್ಲ ಅಲ್ಲಿ ತಯಾರಾಗುತ್ತಿದ್ದವು, ಅದಕ್ಕೆ. ನಾಲ್ವರೂ 1948, 49ರಲ್ಲಿ ಹುಟ್ಟಿದವರು. ಬಾಂಬು ಬಿದ್ದ ಮನೆಗಳ ಪಾಳುಜಾಗವೇ ಅವರ ಆಟದ ಬಯಲು. ಡ್ರಮ್ಮರ್ ಬಿಲ್ ವಾರ್ಡ್, ಗಿಟಾರಿನ ಟೋನಿ ಅಯೋಮಿ, ಆಜಿ, ಗೀಜರ್. ನಾಲ್ವರನ್ನೂ ಏಕವಚನದಲ್ಲಿ ಕರೆಯುತ್ತಿದ್ದೇನೆ, ಕ್ಷಮಿಸಿ. ನನ್ನ ಮನಸ್ಸಿನಲ್ಲಿ ಅವರಿನ್ನೂ ಇಪ್ಪತ್ತು ಚಿಲ್ಲರೆಯ ಹುಡುಗರು. ಆಜಿ 15ಕ್ಕೆ ಶಾಲೆ ಬಿಟ್ಟ. ಕಾರಿನ ಹಾರ್ನ್‌ಗಳ ಶ್ರುತಿ ಕೂಡಿಸುವುದು ಅವನ ಒಂದು ನೌಕರಿ. ಇಡೀ ದಿನ ಪೋಂ ಪೋಂ, ಅದೇ ಅವನ ಮೊದಲ ಸಂಗೀತ ಪಾಠ ಅನ್ನಿ. ಕಸಾಯಿಖಾನೆಯಲ್ಲೂ ದುಡಿದ. ಕಳ್ಳತನ ಮಾಡಿ ಸಿಕ್ಕಿಬಿದ್ದು, ದಂಡ ಕಟ್ಟಲು ಗತಿಯಿಲ್ಲದೆ ವಿನ್ಸನ್ ಗ್ರೀನ್ ಜೈಲಿನಲ್ಲಿ ಕೆಲವು ವಾರ ಕೂತು ಬಂದ.

ಟೋನಿಯ ಬೆರಳಿನ ಕಥೆ ಗಿಟಾರ್ ಹಿಡಿದವರಿಗೆಲ್ಲ ಗೊತ್ತು. ಆದರೂ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಾನೂ ಪೀಣ್ಯದ ಒಂದು ಪ್ರೆಸ್ ಶಾಪಿನಲ್ಲಿ ಮೂರು ವರ್ಷ ಸೂಪರ್‌ವೈಸರ್ ಆಗಿದ್ದವನು. ಪವರ್ ಪ್ರೆಸ್ ನೋಡಿಲ್ಲದವರಿಗೆ ಹೇಳುವುದಾದರೆ, ಕೆಳಗೆ ಡೈ, ಮೇಲಿಂದ ಟನ್ನುಗಟ್ಟಲೆ ಒತ್ತಡದಲ್ಲಿ ಇಳಿಯುವ ಪಂಚ್. ತಗಡು ಒಳಗಿಡಬೇಕು, ಕೈ ತೆಗೀಬೇಕು, ಪೆಡಲ್ ಒತ್ತಬೇಕು. ಗಂಟೆಗೆ ನೂರಾರು ಸಲ. ಕೈ ತೆಗೆಯುವುದೂ ಪೆಡಲ್ ಒತ್ತುವುದೂ ಒಂದು ಸಲ ಹಿಂದುಮುಂದಾದರೆ ಮುಗೀತು. ಗಾರ್ಡ್ ಇರುತ್ತದೆ, ಪ್ರೊಡಕ್ಷನ್ ಕಮ್ಮಿಯಾಗುತ್ತದೆ ಅಂತ ತೆಗೆದು ಮೂಲೆಗಿಟ್ಟಿರುತ್ತಾರೆ. ನಮ್ಮಲ್ಲಿ ಒಂದು ರಾತ್ರಿ ಪಾಳಿಯಲ್ಲಿ ಒಬ್ಬ ಹುಡುಗ ಬೆರಳು ಕಳಕೊಂಡ. ಮರುದಿನ ಅದೇ ಮಷೀನಿಗೆ ಬೇರೆ ಹುಡುಗನನ್ನು ಹಾಕುವ ಚೀಟಿಗೆ ಸಹಿ ಹಾಕಿದ್ದು ನಾನು.

ಟೋನಿಗೆ ಆಗ 17. ವೆಲ್ಡಿಂಗ್ ಕೆಲಸ. ಒಂದು ಬ್ಯಾಂಡಿನ ಜೊತೆ ಯುರೋಪಿಗೆ ಹೊರಡಲಿದ್ದ, ಕಾರ್ಖಾನೆಯಲ್ಲಿ ಅದೇ ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಇನ್ನು ಹೋಗಲ್ಲ ಅಂದ. ಅಮ್ಮ, ಒಪ್ಪಿಕೊಂಡ ಕೆಲಸ ಮುಗಿಸಿ ಬಾ ಅಂತ ಕಳಿಸಿದಳು. ಪ್ರೆಸ್ ನಡೆಸುವ ಹೆಂಗಸು ಅವತ್ತು ಬಂದಿರಲಿಲ್ಲ, ಇವನನ್ನು ಅದರ ಮುಂದೆ ಕೂರಿಸಿದರು. ಬಲಗೈಯ ನಡುಬೆರಳು, ಉಂಗುರಬೆರಳುಗಳ ತುದಿ ಹೋಯಿತು. ಅವನು ಎಡಚ. ಹಾಗಾಗಿ ತಂತಿ ಒತ್ತುವ ಕೈ ಆ ಬಲಗೈ. ಇನ್ನು ಗಿಟಾರ್ ಮರೆತುಬಿಡು ಅಂದರು ವೈದ್ಯರು. ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಮೇಲೆ ತೊಗಲು ಅಂಟಿಸಿದ. ಗಟ್ಟಿ ತಂತಿ ಒತ್ತಿದರೆ ನೋವು, ಅದಕ್ಕೆ ತೆಳು ತಂತಿ ಹಾಕಿದ. ಮುಂದೆ ಶ್ರುತಿಯನ್ನೇ ಇಳಿಸಿ ತಂತಿ ಸಡಿಲ ಮಾಡಿದ. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಮ್ಮಿನ ಕೆಲವು ಹಾಡುಗಳಲ್ಲಿ ಗಿಟಾರ್ ಒಂದೂವರೆ ಸ್ವರದಷ್ಟು ಕೆಳಗಿದೆ. ಜಗತ್ತು ‘ಹೆವಿ’ ಎಂದು ಕರೆಯುವ ಆ ನಾದದಲ್ಲಿ ಒಂದು ಕಾರ್ಖಾನೆಯ ಅಪಘಾತ ಸೇರಿಕೊಂಡಿದೆ. ಹಾಡಿನ ಪದಗಳಲ್ಲಿ ರಾಜಕೀಯ ಹುಡುಕುವವರು ಮೊದಲು ಈ ನಾದ ಕೇಳಬೇಕು ಅನ್ನುವುದು ನನ್ನ ಮಾತು.

ಪದಗಳಿಗೆ ಬರೋಣ. ಆ ಕಾಲದ ಹಾಡುಗಳ ಸಾಹಿತ್ಯ ಬಹುಪಾಲು ಗೀಜರ್‌ನದು. ಐರಿಷ್ ಮೂಲದ ಕಟ್ಟಾ ಕ್ಯಾಥೊಲಿಕ್ ಮನೆ, ಮಾಂಸ ಮುಟ್ಟದ ಹುಡುಗ, ಅಣ್ಣಂದಿರು ಸೇನೆಯಲ್ಲಿದ್ದು ಬಂದವರು. ಬ್ರಿಟನ್ನಿನಲ್ಲಿ ಕಡ್ಡಾಯ ಸೈನಿಕ ಸೇವೆಗೆ ಕರೆಯುವುದು 1960ಕ್ಕೇ ನಿಂತಿತ್ತು. ವಿಯೆಟ್ನಾಂಗೆ ಸೈನ್ಯ ಕಳಿಸಲು ಹೆರಾಲ್ಡ್ ವಿಲ್ಸನ್ ಸರ್ಕಾರ ಒಪ್ಪಿರಲಿಲ್ಲ. ಆದರೂ ಇವತ್ತಲ್ಲ ನಾಳೆ ತಮ್ಮನ್ನೂ ಎಳೆದೊಯ್ಯುತ್ತಾರೆ ಎಂಬ ದಿಗಿಲು ಅವನಿಗಿತ್ತು. ಅದರಿಂದ ಹುಟ್ಟಿದ್ದು ‘ವಾರ್ ಪಿಗ್ಸ್’, ಯುದ್ಧದ ಹಂದಿಗಳು.

(ಇಲ್ಲಿ ಹಾಡಿನ ಮೊದಲ ಎರಡು ನಿಮಿಷ ಕೇಳಿಸಿದೆ.)

ಶುರುವಿನಲ್ಲೇ ಏರಿ ಇಳಿಯುವ ಸೈರನ್ ಗಮನಿಸಿದಿರಾ? ವಿಮಾನ ದಾಳಿಯ ಸೈರನ್. ಇವರ ಅಪ್ಪ ಅಮ್ಮ ಅದನ್ನು ಕೇಳಿ ನೆಲಮಾಳಿಗೆಗೆ ಓಡಿದವರು. ಆಮೇಲೆ ಇನ್ನೊಂದು. ಆಜಿ ಸಾಲು ಹೇಳುವಾಗ ಗಿಟಾರೂ ಬಾಸೂ ಸುಮ್ಮನಾಗುತ್ತವೆ. ಹೈ-ಹ್ಯಾಟ್, ಅಂದರೆ ಡ್ರಮ್ಮಿನ ಜೋಡಿ ತಾಳ, ಮಾತ್ರ ಟಿಕ್ ಟಿಕ್ ಅಂತಿರುತ್ತದೆ. ಸಾಲು ಮುಗಿದ ಮೇಲೆ ಎರಡು ಏಟು, ಮತ್ತೆ ಮೌನ, ಮತ್ತೆ ಸಾಲು. ಗದ್ದಲದ ಬ್ಯಾಂಡ್ ಅಂತ ಹೆಸರಾದವರು ಒಂದೊಂದು ಪದವೂ ಕೇಳಲಿ ಅಂತ ಜಾಗ ಬಿಟ್ಟುಕೊಟ್ಟಿದ್ದಾರೆ. ಕೋರ್ಟಿನಲ್ಲಿ ಆರೋಪಪಟ್ಟಿ ಓದಿದ ಹಾಗಿದೆ.

ಮೊದಲ ಎರಡು ಸಾಲಲ್ಲಿ ಸೇನಾಪತಿಗಳು ಗುಂಪುಗೂಡುತ್ತಾರೆ, ಮಾಟಗಾತಿಯರು ಕರಾಳ ಪೂಜೆಗೆ ಸೇರುವ ಹಾಗೆ. ಇಂಗ್ಲಿಷಿನಲ್ಲಿ ‘ಮಾಸ್’ ಅಂದರೆ ಜನರ ಗುಂಪೂ ಹೌದು, ಕ್ಯಾಥೊಲಿಕ್ ಬಲಿಪೂಜೆಯೂ ಹೌದು. ಅದೇ ಪದವನ್ನು ಎರಡು ಸಾಲಿನ ಕೊನೆಗೂ ಇಟ್ಟದ್ದಕ್ಕೆ, ಪ್ರಾಸ ಹುಡುಕಲು ಬರದ ಪೆದ್ದರು ಅಂತ ಇವತ್ತಿಗೂ ನಗುವವರಿದ್ದಾರೆ. ಹಳೆಗನ್ನಡದ ಕವಿ ಇದನ್ನೇ ಮಾಡಿದ್ದರೆ ಯಮಕಾಲಂಕಾರ ಅಂತ ತಲೆದೂಗಿ ಪರೀಕ್ಷೆಗೆ ಪ್ರಶ್ನೆ ಹಾಕುತ್ತಿದ್ದೆವು! ಭಾನುವಾರ ಭಾನುವಾರ ಬಲಿಪೂಜೆಗೆ ಹೋಗಿ ಬೆಳೆದ ಹುಡುಗ ಆ ಪದವನ್ನು ಅರಿಯದೆ ಬಳಸಿದ ಅಂತ ನನಗೆ ಅನ್ನಿಸುವುದಿಲ್ಲ.

ಮುಂದೆ, ಯುದ್ಧ ಹೂಡಿದವರು ಅಡಗಿ ಕೂರುತ್ತಾರೆ, ಹೊಡೆದಾಡುವ ಕೆಲಸ ಬಡವರಿಗೆ ಬಿಡುತ್ತಾರೆ, ಜನರನ್ನು ಚದುರಂಗದ ಕಾಲಾಳುಗಳಂತೆ ನಡೆಸುತ್ತಾರೆ. ಕೋಣಗಳು ಕಾದಾಡಿದರೆ ಗಿಡಕ್ಕೆ ಸಾವು ಅನ್ನುತ್ತೇವಲ್ಲ, ಆ ಮಾತು ಇಲ್ಲಿ ಸಾಲದು. ಕೋಣಗಳಾದರೂ ತಾವೇ ಹೊಡೆದಾಡುತ್ತವೆ. ಕೊನೆಯ ಭಾಗದಲ್ಲಿ ಕತ್ತಲು, ತೀರ್ಪಿನ ದಿನ. ದೇವರು ಕರೆಯುತ್ತಾನೆ. ಯುದ್ಧದ ಹಂದಿಗಳು ಮಂಡಿಯೂರಿ ತೆವಳುತ್ತಾ ಕ್ಷಮೆ ಬೇಡುತ್ತವೆ. ಸೈತಾನ ನಗುತ್ತಾ ರೆಕ್ಕೆ ಬಿಚ್ಚುತ್ತಾನೆ.

ಹಾಗಾದರೆ ಈ ಹಾಡಿನಲ್ಲಿ ಕೆಡುಕು ಯಾರು? ಸೈತಾನ ಇಲ್ಲಿ ಬಂದವರನ್ನು ಒಳಗೆ ಕರೆದುಕೊಳ್ಳುವ ಜೈಲರ್. ಕೆಡುಕೆಲ್ಲ ಸಮವಸ್ತ್ರ ಹಾಕಿಕೊಂಡು ಮೇಜಿನ ಸುತ್ತ ಕೂತಿದೆ. ಹಾಡಿಗೆ ಮೊದಲಿದ್ದ ಹೆಸರು ‘ವಾಲ್ಪರ್ಗಿಸ್’, ಮಾಟಗಾತಿಯರ ರಾತ್ರಿ. ಕಂಪನಿಯವರಿಗೆ ಅದು ತೀರಾ ಸೈತಾನನದಾಯಿತು, ಬದಲಾಯಿಸಿದರು. ಆಲ್ಬಮ್ಮಿಗೇ ‘ವಾರ್ ಪಿಗ್ಸ್’ ಅಂತ ಹೆಸರಿಡುವುದಿತ್ತು, ಅದಕ್ಕೆ ತಕ್ಕಂತೆ ಕತ್ತಿ ಗುರಾಣಿ ಹಿಡಿದವನ ಮುಖಪುಟವೂ ತಯಾರಾಗಿತ್ತು. ಅಷ್ಟರಲ್ಲಿ ಜಾಗ ತುಂಬಿಸಲು ಆತುರದಲ್ಲಿ ಕಟ್ಟಿದ ‘ಪ್ಯಾರನಾಯ್ಡ್’ ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿ ಹತ್ತಿಬಿಟ್ಟಿತು, ಮುಂದೆ 4ನೇ ಸ್ಥಾನಕ್ಕೂ ಏರಿತು. ಆಲ್ಬಮ್ಮಿಗೂ ಅದೇ ಹೆಸರಾಯಿತು. ಕತ್ತಿ ಹಿಡಿದ ಆ ಪಾಪದವನು ಈಗಲೂ ಸಂಬಂಧವಿಲ್ಲದ ಹೆಸರಿನ ಕೆಳಗೆ ನೆಗೆಯುತ್ತಿದ್ದಾನೆ. 1970ರ ಸೆಪ್ಟೆಂಬರ್ 18, ಆ ಆಲ್ಬಮ್ ಬಿಡುಗಡೆಯಾದ ದಿನ, ಲಂಡನ್ನಿನಲ್ಲಿ ಹೆಸರಾಂತ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ತೀರಿಕೊಂಡ.

ಅದೇ ಆಲ್ಬಮ್ಮಿನಲ್ಲಿ ‘ಹ್ಯಾಂಡ್ ಆಫ್ ಡೂಮ್’ ಇದೆ. ನನಗೆ ಇದು ‘ವಾರ್ ಪಿಗ್ಸ್’ಗಿಂತ ದೊಡ್ಡ ಹಾಡು. ಬ್ಯಾಂಡ್ ಇನ್ನೂ ಹೆಸರು ಮಾಡದಿದ್ದಾಗ ಯುರೋಪಿನಲ್ಲಿದ್ದ ಅಮೆರಿಕದ ಸೇನಾ ನೆಲೆಗಳಲ್ಲಿ ನುಡಿಸಲು ಹೋಗಿತ್ತು. ವಿಯೆಟ್ನಾಂನಿಂದ ವಾಪಸಾಗುತ್ತಿದ್ದ ಹುಡುಗರು ಅಲ್ಲಿ ಸಿಕ್ಕರು, ಎಷ್ಟೋ ಜನ ಹೆರಾಯಿನ್‌ಗೆ ಬಿದ್ದಿದ್ದರು. ಟಿವಿಯಲ್ಲಿ ಆಗ ಇದರ ಸುದ್ದಿಯಿಲ್ಲ. ಅಮೆರಿಕದ ಅಧ್ಯಕ್ಷ ನಿಕ್ಸನ್ ಮಾದಕ ವ್ಯಸನವನ್ನು ದೇಶದ ಮೊದಲ ಶತ್ರು ಎಂದು ಘೋಷಿಸಿದ್ದು 1971ರ ಜೂನ್‌ನಲ್ಲಿ. ಹಾಡು ಅದಕ್ಕಿಂತ ಒಂಬತ್ತು ತಿಂಗಳು ಮೊದಲೇ ಬಂದಿತ್ತು. ಈ ಹಾಡು ಸೂಜಿ ಚುಚ್ಚಿಕೊಂಡವನಿಗೆ ಉಪದೇಶ ಮಾಡುತ್ತದೆ, ಬೈಯುತ್ತದೆ ಕೂಡ. ಆದರೆ ಅವನ ಪಕ್ಕ ನಿಂತು ಬೈಯುತ್ತದೆ. ಯುದ್ಧ, ಬಾಂಬು, ಸೂಜಿ ಒಂದರ ಹಿಂದೆ ಒಂದು ಬರುತ್ತವೆ, ಬದುಕಿ ಬಂದವನು ಮನೆಯಲ್ಲಿ ಸಾಯುತ್ತಾನೆ. ಅದನ್ನು ಬರೆದಾಗ ಗೀಜರ್‌ಗೆ 20, 21.

‘ಐರನ್ ಮ್ಯಾನ್’ ಬಗ್ಗೆ ಒಂದೇ ಮಾತು. ಸಿನಿಮಾದ ಸೂಪರ್‌ಹೀರೊಗೂ ಇದಕ್ಕೂ ಸಂಬಂಧವಿಲ್ಲ. ಲೋಕದ ನಾಶವನ್ನು ಮುಂಚೆಯೇ ಕಂಡು, ಎಚ್ಚರಿಸಲು ಬಂದು, ದಾರಿಯಲ್ಲಿ ಉಕ್ಕಾಗಿ ಹೋದವನನ್ನು ಊರು ಕಣ್ಣೆತ್ತಿಯೂ ನೋಡುವುದಿಲ್ಲ. ಅವನೇ ಆ ನಾಶ ಮಾಡುತ್ತಾನೆ.

ಅದೇ ಕಾಲದ ಹೂವಿನ ಮಕ್ಕಳು, ಅಂದರೆ ಹಿಪ್ಪಿಗಳು, ಪ್ರೀತಿಯೊಂದಿದ್ದರೆ ಎಲ್ಲ ಸರಿಹೋಗುತ್ತದೆ ಅಂತ ಹಾಡುತ್ತಿದ್ದರು. ಆಸ್ಟನ್ನಿನಲ್ಲಿ ಹೂವು ಎಲ್ಲಿಂದ ಬರಬೇಕು? ಆದರೆ ‘ಚಿಲ್ಡ್ರನ್ ಆಫ್ ದ ಗ್ರೇವ್’ ಕೇಳಿ. ಅಣುಬಾಂಬಿನ ನೆರಳಲ್ಲಿ ಹುಟ್ಟಿದ ಮಕ್ಕಳು ಬೀದಿಗಿಳಿದಿದ್ದಾರೆ, ದ್ವೇಷವಿಲ್ಲದ ಲೋಕ ಬೇಕು ಅನ್ನುತ್ತಾರೆ. ಕೊನೆಯಲ್ಲಿ ಬರುವುದು ಶರತ್ತು: ಪ್ರೀತಿ ಇನ್ನೂ ಸತ್ತಿಲ್ಲ ಅಂತ ನೀವು ತೋರಿಸಿಕೊಡಬೇಕು, ಇಲ್ಲದಿದ್ದರೆ ನೀವು ಸಮಾಧಿಯ ಮಕ್ಕಳು. ಆಶ್ವಾಸನೆ ಕೊಡುವ ಹಾಡುಗಳ ನಡುವೆ ಶರತ್ತು ಹಾಕುವ ಹಾಡು. ನೈತಿಕತೆ ಎಂಬ ಪದಕ್ಕೆ ತೂಕ ಬರುವುದು ಇಂಥ ಕಡೆ ಅಂತ ನನಗನ್ನಿಸುತ್ತದೆ. ಅದಕ್ಕೂ ಮೊದಲಿನ ‘ವಿಕೆಡ್ ವರ್ಲ್ಡ್’ನಲ್ಲಿ ಇನ್ನೂ ನೇರ. ಮನುಷ್ಯನನ್ನು ಚಂದ್ರನ ಮೇಲೆ ಸಲೀಸಾಗಿ ಇಳಿಸುತ್ತೀರಿ, ಇಲ್ಲಿ ಜನ ಹಳೆಯ ಕಾಯಿಲೆಗಳಿಗೇ ಸಾಯುತ್ತಿದ್ದಾರೆ ಅನ್ನುತ್ತಾರೆ. ಆರ್ಮ್‌ಸ್ಟ್ರಾಂಗ್ ಇಳಿದು ಒಂದು ವರ್ಷವೂ ಆಗಿರಲಿಲ್ಲ.

ಇಷ್ಟಿದ್ದೂ ಇದು ಯಾಕೆ ಕಾಣಲಿಲ್ಲ? ವೇಷ ಒಂದು ಕಾರಣ, ಹೇಳಿದೆ. ಇನ್ನೊಂದು ಜಾತಿ, ಅಂದರೆ ಅವರಲ್ಲಿ ವರ್ಗ. ಕಾಲೇಜು ಕಲಿತ ವಿಮರ್ಶಕರಿಗೆ ಪ್ರತಿಭಟನೆ ಅಂದರೆ ಅಕೂಸ್ಟಿಕ್ ಗಿಟಾರು, ಜಾಣ ರೂಪಕ. ಕಾರ್ಖಾನೆ ಹುಡುಗರು ಗಂಟಲು ಕಿತ್ತುಹೋಗುವ ಹಾಗೆ ಕೂಗಿದರೆ ಅದು ಗಲಾಟೆ. ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಲೆಸ್ಟರ್ ಬ್ಯಾಂಗ್ಸ್ ಎಂಬ ವಿಮರ್ಶಕ ಮೊದಲ ಆಲ್ಬಮ್ಮನ್ನು ಎತ್ತಿ ಬಿಸಾಡಿದ. ಆದರೆ ಅವನು ಪ್ರಾಮಾಣಿಕ. 1972ರಲ್ಲಿ ‘ಕ್ರೀಮ್’ ಪತ್ರಿಕೆಯಲ್ಲಿ ಉದ್ದದ ಲೇಖನ ಬರೆದು, ಇವರು ನೀತಿವಾದಿಗಳು ಅಂತ ಒಪ್ಪಿಕೊಂಡ. ಆ ಮಾತನ್ನು ಹೆಚ್ಚು ಜನ ಕಿವಿಗೆ ಹಾಕಿಕೊಳ್ಳಲಿಲ್ಲ. 1985ರಲ್ಲಿ ಅಮೆರಿಕದ ಗಣ್ಯರ ಹೆಂಡತಿಯರ ಒಂದು ಸಂಘ, ಮಕ್ಕಳನ್ನು ಕೆಡಿಸುವ ಹದಿನೈದು ಹಾಡುಗಳ ಪಟ್ಟಿ ಮಾಡಿತು. ಅದರಲ್ಲಿ ಸಬಾತ್‌ನದೂ ಒಂದು, ‘ಟ್ರ್ಯಾಶ್ಡ್’. ಕುಡಿದು ಕಾರು ಓಡಿಸಿ ಉರುಳಿಸಿಕೊಂಡದ್ದರ ಹಾಡು ಅದು, ಆಗಿನ ಗಾಯಕ ಇಯಾನ್ ಗಿಲನ್ ನಿಜವಾಗಿ ಮಾಡಿಕೊಂಡ ಎಡವಟ್ಟು!

ಇವರನ್ನು ಸಂತರನ್ನಾಗಿ ಮಾಡಲು ನಾನು ಬಂದಿಲ್ಲ. ಹೆರಾಯಿನ್ ವಿರುದ್ಧ ಹಾಡಿದ ಎರಡೇ ವರ್ಷಕ್ಕೆ, 1972ರ ‘ವಾಲ್ಯೂಮ್ 4’ ಹೊತ್ತಿಗೆ, ಲಾಸ್ ಏಂಜಲೀಸಿನ ಬಂಗಲೆಯಲ್ಲಿ ಕೂತು ಕೊಕೇನ್‌ನಲ್ಲಿ ಮುಳುಗಿದ್ದರು. ‘ಸ್ನೋಬ್ಲೈಂಡ್’ ಹಾಡಿನಲ್ಲಿ ಅದನ್ನು ಮುಚ್ಚಿಟ್ಟಿಲ್ಲ ಅನ್ನುವುದಷ್ಟೇ ಸಮಾಧಾನ. ನನಗೆ ನಿಜಕ್ಕೂ ನುಂಗಲಾಗದ್ದು 1987ರದು. ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾವನ್ನು ಕಲಾವಿದರು ಬಹಿಷ್ಕರಿಸಿದ್ದ ಹೊತ್ತಿನಲ್ಲಿ ಬ್ಲ್ಯಾಕ್ ಸಬಾತ್ ಅಲ್ಲಿನ ಸನ್ ಸಿಟಿ ಎಂಬ ವಿಲಾಸಿ ತಾಣಕ್ಕೆ ಹೋಗಿ ಕಾರ್ಯಕ್ರಮ ಕೊಟ್ಟಿತು. ಮೊದಲಿನ ನಾಲ್ವರಲ್ಲಿ ಉಳಿದಿದ್ದವನು ಟೋನಿ ಒಬ್ಬನೇ, ಹಾಡು ಬರೆದ ಗೀಜರ್ ಇರಲಿಲ್ಲ, ನಿಜ. ಅಭಿಮಾನಿಗಳು ಈ ಮಾತು ಹೇಳಿ ತಪ್ಪಿಸಿಕೊಳ್ಳುತ್ತಾರೆ, ನಾನೂ ಬಹಳ ವರ್ಷ ತಪ್ಪಿಸಿಕೊಂಡೆ. ಆದರೆ ಬ್ಯಾನರ್ ಮೇಲೆ ಇದ್ದದ್ದು ಅದೇ ಹೆಸರು. ಪ್ರೆಸ್ ಶಾಪಿನಲ್ಲಿ ನಾನು ಸಹಿ ಹಾಕಿದ ಚೀಟಿಯ ಮೇಲೆ ಇರುವುದೂ ನನ್ನದೇ ಹೆಸರು.

ಕೊನೆಯದಾಗಿ ಒಂದು ದೃಶ್ಯ. ಆಸ್ಟನ್ನಿನಲ್ಲಿ ವಿಲ್ಲಾ ಪಾರ್ಕ್ ಎಂಬ ಫುಟ್‌ಬಾಲ್ ಕ್ರೀಡಾಂಗಣ ಇದೆ. ಆಜಿ ಹುಡುಗನಾಗಿದ್ದಾಗ ಪಂದ್ಯದ ದಿನ ಅಲ್ಲಿಗೆ ಬರುವವರ ಕಾರುಗಳನ್ನು ಕಾಯುತ್ತೇನೆ ಅಂತ ಹೇಳಿ ಚಿಲ್ಲರೆ ಕಾಸು ಸಂಪಾದಿಸುತ್ತಿದ್ದ. 2025ರ ಜುಲೈ 5ರಂದು ಅದೇ ಕ್ರೀಡಾಂಗಣದಲ್ಲಿ ನಾಲ್ವರೂ ಇಪ್ಪತ್ತು ವರ್ಷಗಳ ನಂತರ ಒಟ್ಟಿಗೆ ನಿಂತರು. ಆಜಿ ನಿಲ್ಲಲಿಲ್ಲ, ಪಾರ್ಕಿನ್ಸನ್ ಕಾಯಿಲೆ, ಸಿಂಹಾಸನದಂಥ ಕುರ್ಚಿಯಲ್ಲಿ ಕೂತಿದ್ದ. ಬಂದ ಹಣ ಪಾರ್ಕಿನ್ಸನ್ ಸಂಶೋಧನೆಗೆ, ಮಕ್ಕಳ ಆಸ್ಪತ್ರೆಗೆ, ಸಾವಿನಂಚಿನ ಮಕ್ಕಳ ಆರೈಕೆಗೆ ಎಂದು ನಿಗದಿಯಾಗಿತ್ತು. ನಾಲ್ವರು ಸೇರಿ ನುಡಿಸಿದ್ದು ನಾಲ್ಕೇ ಹಾಡು. ಹದಿನೇಳು ದಿನಕ್ಕೆ ಆಜಿ ತೀರಿಕೊಂಡ.

ಆ ನಾಲ್ಕರಲ್ಲಿ ಮೊದಲನೆಯದು ಯಾವುದು ಗೊತ್ತಲ್ಲ. ಬಾಂಬು ಬಿದ್ದ ಊರಿನಲ್ಲೇ ಮತ್ತೆ ಸೈರನ್ ಏರಿತು. ಆ ವಿಡಿಯೊ ತಂದಿದ್ದೇನೆ, ದೀಪ ಆರಿಸಿ. ಸರ್, ಈ ಸಲ ಕಿವಿ ಮುಚ್ಚಿಕೊಳ್ಳಬೇಡಿ.